ಮರಳಿನಲ್ಲಿ ಕರೆದ ದನಿ

ಮರಳುಗಾಡಿನ ಅಂಚಿನಲ್ಲಿ ಒಂದು ಆಶ್ರಮ. ಅಲ್ಲಿಯ ಗುರುಗಳನ್ನು ಎಲ್ಲರೂ ಸಂಗಯ್ಯಜ್ಜ ಎಂದು ಕರೆಯುತ್ತಿದ್ದರು.

ಪ್ರತಿ ಚಳಿಗಾಲದಲ್ಲಿ ಆ ಮರಳುಗಾಡನ್ನು ಹಾಯುವ ಓಟವೊಂದು ನಡೆಯುತ್ತಿತ್ತು. ಆರು ದಿನದ ಓಟ. ಬುತ್ತಿಯನ್ನು ಓಡುವವರೇ ಹೊರಬೇಕು. ಸಂಜೆ ತಂಗುವಲ್ಲಿ ನೀರು ಮಾತ್ರ ಸಿಗುತ್ತದೆ.

ಈರವ್ವ ಆ ಓಟಕ್ಕೆ ತಯಾರಾಗಲು ಬಹಳ ದೂರದಿಂದ ಬಂದವಳು. ಯಾಕೆ ಓಡುತ್ತೀ ಎಂದು ಅಜ್ಜ ಮೊದಲ ದಿನವೇ ಕೇಳಿದರು. ಓಡುವಾಗ ಮನಸ್ಸು ಸುಮ್ಮನಿರುತ್ತದೆ ಎಂದಳು.

“ಎಲ್ಲರೂ ಹಾಗೇ ಹೇಳುತ್ತಾರೆ. ಕಾಲು ನೋಯುವ ತನಕ,” ಎಂದು ಅಜ್ಜ ನಕ್ಕರು.

ಅವಳು ನಗಲಿಲ್ಲ. ಬೆನ್ನಿಗೆ ಮರಳಿನ ಚೀಲ ಕಟ್ಟಿಕೊಂಡು ದಿಬ್ಬ ಹತ್ತಿದಳು, ಇಳಿದಳು. ಬಾಯಾರುವ ಮೊದಲೇ ನೀರು ಕುಡಿಯುವುದನ್ನು ಕಲಿತಳು. ಗುಳ್ಳೆ ಏಳುವ ಮೊದಲೇ ಪಾದಕ್ಕೆ ಬಟ್ಟೆ ಸುತ್ತುವುದನ್ನು ಕಲಿತಳು. ಸ್ವಲ್ಪ ದಿನಗಳಲ್ಲೇ ಆಶ್ರಮದಲ್ಲಿ ಅವಳ ಸಮಕ್ಕೆ ಓಡುವವರು ಯಾರೂ ಉಳಿಯಲಿಲ್ಲ.

ಓಟಕ್ಕೆ ಅಜ್ಜನ ಒಪ್ಪಿಗೆ ಬೇಕು. ಅದಕ್ಕೊಂದು ಪರೀಕ್ಷೆಯಿತ್ತು. ಮೂರು ದಿನ ಒಬ್ಬರೇ ಹೋಗಬೇಕು. ದಾರಿಯುದ್ದಕ್ಕೂ ಕೆಂಪು ಬಟ್ಟೆ ಕಟ್ಟಿದ ಕೋಲುಗಳು. ಕೊನೆಯ ಕೋಲನ್ನು ಮುಟ್ಟಿ ಬರಬೇಕು.

ಮೊದಲ ಸಲ ಈರವ್ವ ದಾರಿ ತಪ್ಪಿದಳು. ಒಂಟೆ ಕಾಯುವವರು ಅವಳನ್ನು ಕರೆತಂದು ಬಿಟ್ಟರು. ಗಾಳಿಗೆ ಕೋಲುಗಳು ಬಿದ್ದಿದ್ದವು ಎಂದಳು.

ಎರಡನೆಯ ಸಲವೂ ಹಾಗೇ ಆಯಿತು. ಮತ್ತೆ ಗಾಳಿಯನ್ನೇ ದೂರಿದಳು.

ಮುಂದಿನ ಸಲ ಇವಳ ಸೊಂಟಕ್ಕೆ ಹಗ್ಗ ಕಟ್ಟಿ ಕಳಿಸೋಣ, ಬೇಕಾದಾಗ ಎಳೆದುಕೊಂಡರಾಯಿತು ಎಂದು ಆಶ್ರಮದವರು ಆಡಿಕೊಂಡರು.

ಈರವ್ವ ಚೀಲದ ಭಾರ ಹೆಚ್ಚಿಸಿದಳು. ಊಟ ಅರ್ಧ ಮಾಡಿದಳು. ಎಲ್ಲರಿಂದ ದೂರ, ಗೋಡೆಯ ಆಚೆ ಕೂತು ಉಣ್ಣತೊಡಗಿದಳು.

ಓಟ ಹತ್ತಿರ ಬಂತು. ಇನ್ನೊಂದು ಸಲ ಹೋಗಿ ಬರಲು ಮಾತ್ರ ಸಮಯವಿತ್ತು. ಒಂದು ಸಂಜೆ ಅವಳು ಚಪ್ಪಲಿಯ ಪಟ್ಟಿ ಹೊಲಿಯುತ್ತಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ಕೂತರು.

“ನಾನು ಹೋಗಿ ನೋಡಿದೆ. ಕೋಲುಗಳು ಬಿದ್ದಿಲ್ಲ,” ಎಂದರು.

ಅವಳು ಹೊಲಿಯುತ್ತಲೇ ಇದ್ದಳು.

“ಮರಳಿನಲ್ಲಿ ನಿನ್ನನ್ನು ಯಾರು ಕರೆದದ್ದು?”

ಸೂಜಿ ನಿಂತಿತು. “ನನ್ನ ತಮ್ಮ,” ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. ತಮ್ಮನ ಹೆಸರು ಕಲ್ಲಪ್ಪ. ತಂದೆತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವಳು ಕೆಲಸಕ್ಕೆಂದು ಪರವೂರಿಗೆ ಹೋಗಿದ್ದಾಗ ಅವನು ಜ್ವರ ಬಂದು ತೀರಿಕೊಂಡ. ಅವಳು ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಈಗ ಮರಳಿನಲ್ಲಿ, ಎರಡನೆಯ ದಿನದ ಮಧ್ಯಾಹ್ನ, ಗಾಳಿಯೂ ಇಲ್ಲದ ಹೊತ್ತಿನಲ್ಲಿ, ಎಡಗಡೆಯಿಂದ ಅಕ್ಕಾ ಎನ್ನುತ್ತಾನೆ. ಅಲ್ಲಿ ಯಾರೂ ಇಲ್ಲವೆಂದು ಅವಳಿಗೆ ಗೊತ್ತು. ಆದರೂ ಕಾಲು ತಿರುಗುತ್ತದೆ.

“ಕಿವಿಗೆ ಹತ್ತಿ ಇಟ್ಟುಕೊಂಡೆ ಅಜ್ಜಾ. ಇನ್ನೂ ಹತ್ತಿರದಿಂದ ಕೇಳಿಸಿತು.”

“ನೀನು ಏನಂದೆ?”

“ಏನನ್ನಲಿ? ಸತ್ತವನ ಜೊತೆ ಮಾತಾಡಲೇ?”

“ಬದುಕಿರುವವರ ಜೊತೆ ಮಾತಾಡಿದ್ದನ್ನೂ ನಾನು ನೋಡಿಲ್ಲ.”

ಆ ದನಿಯನ್ನು ನಿಲ್ಲಿಸುವ ದಾರಿ ಹೇಳಿ ಎಂದು ಅವಳು ಬೇಡಿಕೊಂಡಳು. ಯಾವ ವ್ರತವಾದರೂ ಸರಿ, ಎಷ್ಟು ಉಪವಾಸವಾದರೂ ಸರಿ.

“ನನಗೆ ಗೊತ್ತಿಲ್ಲ. ಸತ್ತುಹೋದ ನಮ್ಮವ್ವ ನನ್ನನ್ನು ಕರೆಯುವುದನ್ನು ಇವತ್ತಿಗೂ ನಿಲ್ಲಿಸಿಲ್ಲ,” ಎಂದರು ಅಜ್ಜ.

ಅವರು ಎದ್ದು ಅಡುಗೆಮನೆಗೆ ಹೋದರು. ಅವಳೂ ಹಿಂದೆಯೇ ಹೋದಳು. ಅಜ್ಜ ಎರಡು ತಟ್ಟೆ ಹಾಕಿ ರೊಟ್ಟಿ ಇಟ್ಟರು, ಬೇಳೆ ಬಡಿಸಿದರು. ಅವಳು ಕೂರಲು ಹೋದಾಗ ಕೈ ಅಡ್ಡ ಹಿಡಿದರು.

“ಮೊದಲು ತಮ್ಮನನ್ನು ಕರಿ.”

ಈರವ್ವ ಬಾಗಿಲಿಗೆ ಹೋಗಿ ನಿಂತಳು. ಎದುರಿಗೆ ಮರಳು. ಅವನು ಹೋದಂದಿನಿಂದ ಅವಳು ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ತುಟಿ ತೆರೆದಳು, ಮುಚ್ಚಿದಳು. ಬೇಳೆ ಆರಿತು. ಅಜ್ಜ ಕಾದರು.

ಕೊನೆಗೆ ಅವಳು ಕರೆದಳು. ಆಶ್ರಮದ ಮಾತಿನಲ್ಲಲ್ಲ, ತನ್ನ ಊರಿನ ಮಾತಿನಲ್ಲಿ.

“ಏ ಕಲ್ಯಾ, ಉಣ್ಣಾಕ ಬಾರೋ. ಎಷ್ಟೊತ್ತು ಕಾಯಲಿ?”

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

“ಬರಲಿಲ್ಲ,” ಎಂದಳು.

“ಹೂಂ,” ಎಂದು ಅಜ್ಜ ಎರಡೂ ತಟ್ಟೆಗಳನ್ನು ಅವಳ ಮುಂದೆ ಸರಿಸಿದರು. “ಅವನ ಪಾಲೂ ನೀನೇ ಉಣ್ಣು. ಅರ್ಧ ಹೊಟ್ಟೆಯಲ್ಲಿ ಯಾರೂ ಈ ಮರಳು ದಾಟಿಲ್ಲ.”

ಅವಳು ಉಂಡಳು. ನಿಧಾನವಾಗಿ, ಒಂದು ತುಣುಕೂ ಬಿಡದೆ.

ಮರುದಿನ ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಮೊದಲ ಕೋಲಿನ ಬಳಿ ನಿಂತಾಗ ಅವಳ ಜೊತೆಗೆ ಅಜ್ಜ ಮಾತ್ರ ಇದ್ದರು. ಸಡಿಲವಾಗಿದ್ದ ಬೆನ್ನಿನ ಪಟ್ಟಿಯನ್ನು ಬಿಗಿದು ಕಟ್ಟಿದರು.

“ಅವನು ಮತ್ತೆ ಕರೆದರೆ ಅಜ್ಜಾ?”

“ಕರೆಯುತ್ತಾನೆ. ಅವನು ಕರೆದತ್ತ ನೀನು ಹೋಗಬೇಡ. ನೀನು ಹೊರಟತ್ತ ಅವನನ್ನು ಕರಿ.”