ಇಟ್ಟಿಗೆ ಮೇಲೆ ನಿಂತ ಕಾರು

ಹೊಳೆ ದಂಡೆಯ ಓಣಿಯಲ್ಲಿ ಬುಡನ್ ಸಾಬ್ ಅಂತ ಒಬ್ಬ ಮುದುಕರಿದ್ದರು. ಐವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದ ಕೈ. ಈಗ ಆ ಕೈ ನಡುಗುತ್ತಿತ್ತು. ನಟ್ಟು ಬಿಚ್ಚುವ ಪಾನ ಹಿಡಿಯುವುದು ಬಿಟ್ಟಿದ್ದರು. ಆದರೂ ಊರಿಗೆಲ್ಲ ಅವರು ಉಸ್ತಾದರೇ.

ಒಂದು ಬೆಳಿಗ್ಗೆ ಕೊಟ್ರಪ್ಪ ಬಂದು ಅವರ ಬಾಗಿಲಲ್ಲಿ ನಿಂತ. ಅರವತ್ತರ ಹತ್ತಿರದ ಆಸಾಮಿ. ಗಡ್ಡ ಬೆಳೆದಿತ್ತು.

"ಉಸ್ತಾದ್, ನನಗೆ ಕೆಲಸ ಕಲಿಸಬೇಕು."

"ಈ ವಯಸ್ಸಿಗಾ? ಹೋಗಪ್ಪ, ಹಾಲು ಕುಡಿದು ಮಲಕ್ಕೊ."

ಕೊಟ್ರಪ್ಪ ಹೋಗಲಿಲ್ಲ. ಚಹಾ ಬಂತು, ಉಸ್ತಾದರು ಕುಡಿದರು, ಲೋಟ ಒಳಗೆ ಹೋಯಿತು. ಅವನು ನಿಂತೇ ಇದ್ದ.

"ಯಾವ ಗಾಡಿ?" ಉಸ್ತಾದರೇ ಕೇಳಿದರು.

"ಸಾಹುಕಾರ್ರದು. ಜರ್ಮನಿ ಗಾಡಿ."

ಉಸ್ತಾದರು ತಲೆ ಎತ್ತಿದರು. "ಆ ಹಸಿರು ಗಾಡಿನಾ? ಆರು ಸಿಲಿಂಡರಿಂದು? ಅದಿನ್ನೂ ಬದುಕೈತಾ?"

"ಅದನ್ನೇ ಕೇಳೋಕೆ ಬಂದೀನಿ."

ಕೊಟ್ರಪ್ಪ ಮೂವತ್ತು ವರ್ಷ ಸಾಹುಕಾರರ ಮನೆಯ ಡ್ರೈವರಾಗಿದ್ದವನು. ಆ ಕಾರಿಗೆ ನಾಲ್ಕು ಬಾಗಿಲು, ಆದರೆ ಓಟ ಮಾತ್ರ ರೇಸಿನ ಕುದುರೆಯದು. ಸುತ್ತ ಹತ್ತು ಜಿಲ್ಲೆಗೆ ಅಂಥದ್ದು ಇನ್ನೊಂದಿರಲಿಲ್ಲ. ಹೊಸ ಕಾರುಗಳು ಬಂದ ಮೇಲೆ ಅದು ಶೆಡ್ಡು ಸೇರಿತು. ಹದಿನೆಂಟು ವರ್ಷ ಅಲುಗಲಿಲ್ಲ. ಸಾಹುಕಾರರು ತೀರಿಕೊಂಡು ಮನೆ ಖಾಲಿ ಮಾಡುವಾಗ ಮಕ್ಕಳು, "ಕೊಟ್ರಪ್ಪ, ಇದನ್ನ ನೀನೇ ಇಟ್ಕೊ" ಅಂದರು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಟೈರು ಸೀಳಿದ್ದವು. ಅಂಗಳದಲ್ಲಿ ನಾಲ್ಕು ಕಡೆ ಇಟ್ಟಿಗೆ ಜೋಡಿಸಿ ಮೇಲೆ ನಿಲ್ಲಿಸಿದ.

ಅವನ ಹೆಂಡತಿ ಹಾಲಮ್ಮ. ಆ ಕಾರಿನ ಬಿಳಿ ಸೀಟ್ ಕವರುಗಳನ್ನು ವರ್ಷಗಟ್ಟಲೆ ಒಗೆದವಳು. ಒಂದು ದಿನವೂ ಅದರೊಳಗೆ ಕೂತವಳಲ್ಲ. ಡ್ರೈವರನ ಹೆಂಡತಿ ಕೂರುವ ಗಾಡಿ ಅಲ್ಲ ಅದು. ಕಾರು ಅಂಗಳಕ್ಕೆ ಬಂದ ದಿನ ಅವಳು ಕಾಲು ತೊಳೆದು, ಸೆರಗಿನಲ್ಲಿ ಒರೆಸಿಕೊಂಡು, ಹಿಂದಿನ ಬಾಗಿಲು ತೆಗೆದು ಸಾಹುಕಾರರ ಜಾಗದಲ್ಲಿ ಕೂತಳು. ಮುಂದಿನ ಸೀಟಿನ ಬೆನ್ನಿಗೆ ಎರಡು ಸಲ ತಟ್ಟಿದಳು.

"ಹೂಂ, ನಡೀರಿ ಡ್ರೈವರ್ರೇ."

ಕೊಟ್ರಪ್ಪ ನಕ್ಕ. "ತಡಿ, ರಿಪೇರಿ ಮಾಡಿಸ್ತೀನಿ."

ತಡಿ ಅಂದದ್ದೇ ಬಂತು. ಮೂರು ದಿನದ ಜ್ವರ. ಹೋಗಿಬಿಟ್ಟಳು.

ಅವಳ ಹೆಸರಿನ ಶಿವಗಣಾರಾಧನೆಯ ದಿನ, ಬಂದ ಜನ ಇನ್ನೂ ಪಂಕ್ತಿಯಲ್ಲಿದ್ದಾಗಲೇ ಹಾಲಮ್ಮನ ತಮ್ಮ ರುದ್ರಮುನಿ ಮಾತು ತೆಗೆದ.

"ಭಾವ, ಅಂಗಳದಾಗೆ ಈ ತುಕ್ಕಿನ ಗುಡ್ಡೆ ಯಾಕೆ? ಪುಣೆಯೋರು ಒಬ್ರು ಕೇಳ್ಯಾರೆ. ದೀಪ, ಬಾಗಿಲು, ಮೀಟರು ಬಿಚ್ಕೊಂಡು ಹೋಗ್ತಾರೆ. ಉಳಿದದ್ದು ಗುಜರಿಗೆ. ಮಠದ ಅಜ್ಜಾರು ಈಗಿನ್ನೂ ಹೇಳಿದ್ರಲ್ಲ, ಮೋಹ ಬಿಡಬೇಕು ಅಂತ."

ಕೊಟ್ರಪ್ಪ ಮಾತು ಕಮ್ಮಿಯವನು. ಅವತ್ತು ಎದ್ದು ನಿಂತ.

"ಅವಳ ವರ್ಷದ ದಿನ ಇದು ತನ್ನ ಬಲದ ಮೇಲೆ ತಾನು ಈ ಗೇಟು ದಾಟತೈತೆ. ದಾಟಲಿಲ್ಲ ಅಂದ್ರೆ ನೀನೇ ಬಂದು ಕೊಟ್ಟುಬಿಡು."

ಹಿರಿಯರೆಲ್ಲ ಕೇಳಿಸಿಕೊಂಡರು. ಆಡಿದ ಮಾತು ಆಡಿಯಾಗಿತ್ತು.

ಇದೆಲ್ಲ ಕೇಳಿ ಉಸ್ತಾದರು, "ನಾಳೆ ಬರ್ತೀನಿ. ಅಲ್ಲೀತನಕ ಕೈ ಹಚ್ಚಬೇಡ" ಅಂದರು.

ಕೈ ಹಚ್ಚದೆ ಇರುವುದು ಕೊಟ್ರಪ್ಪನಿಂದ ಆಗಲಿಲ್ಲ. ಡ್ರೈವರಿಕೆಯ ಚಾಳಿ. ಬೆಳಗಾದರೆ ಗಾಡಿ ಒರೆಸಬೇಕು. ನೀರು ಹಾಕಿದ, ಬಟ್ಟೆ ಎಳೆದ, ಬಂಪರಿಗೆ ಪಾಲಿಶ್ ತಿಕ್ಕಿದ. ಉಸ್ತಾದರು ಬರುವ ಹೊತ್ತಿಗೆ ಕಾರಿನ ಮುಖ ಫಳಫಳ ಅನ್ನುತ್ತಿತ್ತು.

ಉಸ್ತಾದರು ಒಂದು ಸುತ್ತು ಹಾಕಿದರು.

"ಕೊಟ್ರಪ್ಪ, ಗಾಡಿ ತೊಳೆದ್ಯೋ, ಹೆಣ ತೊಳೆದ್ಯೋ?"

ಕೊಟ್ರಪ್ಪನ ಮುಖ ಕಪ್ಪಿಟ್ಟಿತು. ಒಂದೂವರೆ ತಿಂಗಳ ಹಿಂದೆ, ಇದೇ ಅಂಗಳದಲ್ಲಿ, ಇದೇ ಕೈಯಲ್ಲಿ ಅವಳ ಮೈಗೆ ನೀರು ಹಾಕಿದ್ದ. ಒದ್ದೆ ಬಟ್ಟೆ ಮುಷ್ಟಿಯೊಳಗೆ ಹಿಂಡಿಹೋಯಿತು.

"ಏನಂದ್ರಿ?"

"ಸಿಟ್ಟು ಬಂತಾ?"

"ಬಂತು."

"ಒಳ್ಳೇದು. ಅದನ್ನ ಇಟ್ಕೊ. ಬಟ್ಟೆ ಕೆಳಗಿಡು. ಬಾನೆಟ್ ಎತ್ತು."

ಎತ್ತಿದ. ಉಸ್ತಾದರು ಬಗ್ಗಿ ನೋಡಿದರು. ಇಂಜಿನ್ನಿನ ಮೂತಿಯಲ್ಲಿದ್ದ ದೊಡ್ಡ ಬೋಲ್ಟಿಗೆ ಪಾನ ಹಾಕಿಸಿ ತಿರುಗಿಸಲು ಹೇಳಿದರು. ಬಂಡೆಗೆ ಹಾಕಿದ ಹಾಗಿತ್ತು.

"ಜಾಮ್ ಆಗೈತೆ."

"ಸತ್ತೈತಾ?"

"ಜಾಮ್ ಆಗೈತೆ ಅಂದೆ. ನಾನು ಹೇಳದ ಮಾತು ನೀನ್ಯಾಕೆ ಹೇಳ್ತೀಯ?"

ಆರು ಪ್ಲಗ್ಗು ಬಿಚ್ಚಿಸಿದರು. ಆರು ತೂತು. ದಿನಾ ಬೆಳಿಗ್ಗೆ ಒಂದೊಂದಕ್ಕೆ ಒಂದೊಂದು ಚಮಚ, ಡೀಸೆಲ್ಲು ಆಯಿಲ್ಲು ಬೆರೆಸಿದ್ದು. ಆಮೇಲೆ ಬೋಲ್ಟಿಗೆ ಪಾನ ಹಾಕಿ ಒಂದು ಸಲ ಒತ್ತಬೇಕು. ಒಂದೇ ಸಲ. ಒಂದೇ ಕೈ.

"ಅಲುಗಿದ್ರೆ ನನ್ನ ಕರಿ. ಅಲುಗದಿದ್ರೆ ಪಾನ ಒರೆಸಿಟ್ಟು ಗಂಜಿ ಕುಡಿ."

"ಎರಡು ಕೈ ಹಾಕಿದ್ರೆ?"

"ನನ್ನ ಬಾಗಿಲಿಗೆ ಬರಬೇಡ."

"ಎಷ್ಟು ದಿನ, ಉಸ್ತಾದ್?"

"ಹದಿನೆಂಟು ವರ್ಷದಿಂದ ಹಿಡ್ಕೊಂಡೈತೆ. ನಿನಗೇನು ಅವಸರ?"

"ವರ್ಷದ ಮಾತು ಕೊಟ್ಟೀನಲ್ಲ."

"ಮಾತು ಕೊಟ್ಟೋನು ನೀನು. ಇಂಜಿನ್ ಕೊಟ್ಟಿಲ್ಲ."

ಎರಡು ತಿಂಗಳು ಕೊಟ್ರಪ್ಪ ಹಾಗೇ ಮಾಡಿದ. ಮುಖ ತೊಳೆಯುವ ಮೊದಲು ಆರು ಚಮಚ. ಒಂದು ಕೈ. ಬಂಡೆ ಬಂಡೆಯೇ.

ಪಕ್ಕದ ಮನೆಯವರು ಗೋಡೆ ಮೇಲಿಂದ ಕೇಳುತ್ತಿದ್ದರು. "ಕಾರಿಗೆ ಅಭಿಷೇಕ ಆಯ್ತಾ, ಕೊಟ್ರಪ್ಪ?"

"ಆಯ್ತು. ತೀರ್ಥ ಬೇಕಾ?" ಅವನು ಕರಿ ಎಣ್ಣೆಯ ಚಮಚ ಎತ್ತಿ ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ರುದ್ರಮುನಿ ಪುಣೆಯವನನ್ನು ಕರಕೊಂಡು ಬಂದ.

"ಇನ್ನೂ ಎಂಟು ತಿಂಗಳೈತೆ," ಅಂದ ಕೊಟ್ರಪ್ಪ.

"ಸುಮ್ಮನೆ ನೋಡಿ ಹೋಗ್ತಾರೆ, ಭಾವ. ನೋಡಿದ್ರೆ ಸವೀತೈತಾ?"

ಪುಣೆಯವನು ಕೇಳದೆಯೇ ಬಾಗಿಲು ತೆಗೆದ. ಜೇಬಿನಿಂದ ಸೀಮೆಸುಣ್ಣ ತೆಗೆದು ತನಗೆ ಬೇಕಾದ್ದಕ್ಕೆಲ್ಲ ಗುರುತು ಹಾಕುತ್ತಾ ಬಂದ. ನಾಲ್ಕು ದೀಪಕ್ಕೆ ನಾಲ್ಕು ಗೀಟು. ಬಾಗಿಲಿಗೆ ಗೀಟು. ಬಾನೆಟ್ಟಿಗೆ ಗೀಟು. ಹಿಂದಿನ ಸೀಟು ಒಂದು ಸಲ ಹಿಸುಕಿ ನೋಡಿದ.

"ಇದು ಬೇಡ," ಅಂದ.

ಅವರು ಹೋದ ಮೇಲೆ ಕೊಟ್ರಪ್ಪ ಬೋಲ್ಟಿಗೆ ಪಾನ ಹಾಕಿದ. ಪಾನದ ಹಿಡಿಗೆ ಮೂರಡಿಯ ನೀರಿನ ಪೈಪು ಏರಿಸಿದ. ಎರಡು ಕೈ ಹಾಕಿದ. ಕಾಲು ಗೋಡೆಗೆ ಕೊಟ್ಟ. ಮೈಯಲ್ಲಿದ್ದದ್ದೆಲ್ಲ ಹಾಕಿ ಎಳೆದ.

ಟಣ್ ಅಂತು.

ಬೋಲ್ಟಿನ ತಲೆ ಕಿತ್ತು ಇಟ್ಟಿಗೆ ಸಂದಿಗೆ ಉರುಳಿತು.

ಕೊಟ್ರಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಉಸ್ತಾದರ ಮನೆಗೆ ನಡೆದ. ಬಾಗಿಲ ತನಕ ಹೋಗಲಿಲ್ಲ. ಬೀದಿಯಲ್ಲೇ ನಿಂತ.

"ಎರಡು ಕೈ ಹಾಕಿದೆ," ಅಂತ ಕೂಗಿ ಹೇಳಿದ.

"ಗೊತ್ತಾತು. ಸದ್ದು ಇಲ್ಲೀತನಕ ಬಂತು."

"ಬಾಗಿಲಿಗೆ ಬರಬೇಡ ಅಂದಿದ್ರಿ."

"ಅದಕ್ಕೇ ಬೀದಿಯಾಗೆ ನಿಂತೀಯಾ? ಜಾಣ." ಉಸ್ತಾದರು ಗೋಡೆ ಹಿಡಿದು ಎದ್ದರು. ಚಪ್ಪಲಿ ಮೆಟ್ಟಿದರು. ಹೊಸ್ತಿಲು ದಾಟಿ ಬೀದಿಗೆ ಬಂದರು. "ನೀನು ಬರಬೇಡ ಅಂದಿದ್ದೆ. ನಾನು ಬರಲ್ಲ ಅಂದಿರಲಿಲ್ಲ. ನಡಿ."

ದಾರಿಯಲ್ಲಿ ಕೊಟ್ರಪ್ಪ ಅಂದ, "ಈ ಬೋಲ್ಟು ಇನ್ನು ಸಿಗೋದಿಲ್ಲ. ಜರ್ಮನಿಯಾಗೂ ಇಲ್ಲಂತೆ."

"ಮೊದಲು ಮಾಡಿದಾಗ ಜರ್ಮನಿಯೋರಿಗೆ ಎಷ್ಟು ಕೈ ಇದ್ದವು?"

"ಎರಡು."

"ನಿನಗೆ?"

ಕೊಟ್ರಪ್ಪ ಅಂಗೈಯಲ್ಲಿದ್ದ ಬೋಲ್ಟಿನ ತಲೆ ತಿರುಗಿಸಿ ನೋಡಿದ.

"ಲೇತಿನೋನ ಹತ್ರ ಕೂತು ಮಾಡಿಸು. ಎರಡು ಕೈ ಅಲ್ಲಿ ಹಾಕು."

ಅಂಗಳಕ್ಕೆ ಬಂದು ಉಸ್ತಾದರು ಇಂಜಿನ್ನಿನ ಮೂತಿ ನೋಡಿದರು. ಅಲ್ಲಿ ಹಿಡಿದು ತಿರುಗಿಸಲು ಈಗ ಏನೂ ಉಳಿದಿರಲಿಲ್ಲ.

"ಮುಂದಿನಿಂದ ಆಗಲ್ಲ. ಹಿಂದಿನಿಂದ ಮಾಡೋಣ. ಚಕ್ರಕ್ಕೆ ಟೈರು ಹಾಕು. ನಾಲ್ಕನೇ ಗೇರಿಗೆ ಹಾಕಿ ಹಿಂದೆ ನಿಂತು ದಬ್ಬು. ಚಕ್ರ ಇಂಜಿನ್ನನ್ನ ಎಳೀತೈತೆ. ಮೊದಲು ಇಟ್ಟಿಗೆ ತೆಗಿ."

ಕೊಟ್ರಪ್ಪ ಕದಲಲಿಲ್ಲ.

"ಏನಾತು?"

"ಟೈರು ಹಾಕ್ತೀನಿ. ಬೋಲ್ಟು ಮಾಡಿಸ್ತೀನಿ. ಇಟ್ಟಿಗೆ ಮಾತ್ರ..." ಅವನು ಹಿಂದಿನ ಬಾಗಿಲು ತೆಗೆದು ತೋರಿಸಿದ. "ಅವಳು ಕೂತಾಗ ಹೀಗೇ ಇತ್ತು, ಉಸ್ತಾದ್. ಇಷ್ಟೇ ಎತ್ತರ. ಹಿಂಗೇ ಮುಖ ಮಾಡಿ."

ಉಸ್ತಾದರು ಎಣ್ಣೆಯ ಡಬ್ಬದ ಮೇಲೆ ಕೂತರು. ಬೀಡಿ ಹಚ್ಚಿದರು. ಅರ್ಧ ಸೇದಿದರು.

"ಅವಳು ಏನಂದ್ಲು ಅಂದಿ? ನಡೀರಿ ಅಂದ್ಲೋ, ನಿಲ್ಸಿರಿ ಅಂದ್ಲೋ?"

ಕೊಟ್ರಪ್ಪ ಹಿಂದಿನ ಬಾಗಿಲು ಮುಚ್ಚಿದ. ಆಮೇಲೆ ಜಾಕಿ ತಂದ. ಮರುದಿನ ಪೇಟೆಯಿಂದ ಟೈರು ತಂದು ಹಾಕಿ, ಸಂಜೆಯೊಳಗೆ ಹದಿನಾರು ಇಟ್ಟಿಗೆಯನ್ನೂ ತೆಗೆದು ಗೋಡೆ ಹೊರಗೆ ಒಗೆದ.

ಮರುದಿನದಿಂದ ಆರು ಚಮಚ ಎಣ್ಣೆ, ಆಮೇಲೆ ಹೆಗಲು ಕೊಟ್ಟು ಒಂದು ದಬ್ಬು. ಒಂದೇ. ಕಾರು ಕುಲುಕಿ ನಿಲ್ಲುತ್ತಿತ್ತು. ಹತ್ತೊಂಬತ್ತನೇ ಬೆಳಿಗ್ಗೆ ಕುಲುಕಿತು, ನಿಲ್ಲಲಿಲ್ಲ. ಗೇಣುದ್ದ ಮುಂದೆ ಹೋಯಿತು. ಬಾನೆಟ್ಟಿನೊಳಗೆ ಆರು ತೂತಿನಿಂದ ಕರಿ ಎಣ್ಣೆ ಚಿಮ್ಮಿತು. ಕೊಟ್ರಪ್ಪ ನೆಲಕ್ಕೆ ಕೂತುಬಿಟ್ಟ.

ಉಸ್ತಾದರು ಬಂದು ಆ ಎಣ್ಣೆ ಮುಟ್ಟಿ ಮೂಸಿದರು.

"ಉಗುಳ್ತೈತೆ. ಹದಿನೆಂಟು ವರ್ಷ ಯಾರೂ ಮಾತಾಡ್ಸಿಲ್ಲಲ್ಲ, ಸಿಟ್ಟಿರ್ತೈತೆ. ಉಗುಳ್ಲಿ ಬಿಡು."

ಆಮೇಲಿನದೆಲ್ಲ ದುಡಿಮೆ. ಮುರಿದ ಬೋಲ್ಟಿನ ಬುಡಕ್ಕೆ ನಟ್ಟು ಬೆಸೆದು ಹೊರಗೆ ತೆಗೆದರು. ಲೇತಿನಲ್ಲಿ ಹೊಸದು ಮಾಡಿಸಿದರು. ಮೂರನೆಯದು ಸರಿಹೋಯಿತು. ಟ್ಯಾಂಕು, ಬ್ರೇಕು, ವೈರು, ಕಾರ್ಬೊರೇಟರು. ಬಾಯಿ ಉಸ್ತಾದರದು, ಕೈ ಕೊಟ್ರಪ್ಪನದು. ತಪ್ಪಿದರೆ ಮತ್ತೆ ಬಿಚ್ಚು. ಪಾಲಿಶ್ ಡಬ್ಬ ಮಾತ್ರ ಅವನು ಮತ್ತೆ ತೆಗೆಯಲಿಲ್ಲ.

ವರ್ಷದ ದಿನ ಬಂತು. ಹಾಲಮ್ಮನ ಗದ್ದುಗೆಗೆ ಹೋಗಿ ಹೂವಿಟ್ಟು ಎಲ್ಲರೂ ಮನೆಗೆ ಬಂದರು. ಓಣಿಯ ತುದಿಯಲ್ಲಿ ಪುಣೆಯವನ ಲಾರಿ ನಿಂತಿತ್ತು.

"ಭಾವ, ಮಾತು ಅಂದ್ರೆ ಮಾತು," ಅಂದ ರುದ್ರಮುನಿ. ಉಸ್ತಾದರ ಕಡೆ ತಿರುಗಿದ. "ಸಾಬ್ರೇ, ನೀವು ಹಿರಿಯರು. ಬಿಡಬೇಕು ಅನ್ನೋದನ್ನ ನೀವಾದ್ರೂ ಇವರಿಗೆ ಕಲಿಸಬಾರ್ದಿತ್ತಾ?"

"ಬಿಡಬೇಕಂದ್ರೆ ಮೊದಲು ಹಿಡಿದಿರಬೇಕಪ್ಪ. ಇವನು ಮೂವತ್ತು ವರ್ಷ ಬೇರೇರ ಸ್ಟೇರಿಂಗು ಹಿಡಿದೋನು. ತನ್ನದು ಅಂತ ಒಂದು ದಿನ ಹಿಡೀಲಿ. ಬಿಡೋ ಪಾಠ ನೀನೇ ಮಾಡುವಂತೆ."

ಕೊಟ್ರಪ್ಪ ಒಳಗೆ ಕೂತು ಕೀಲಿ ತಿರುಗಿಸಿದ. ಕೆಮ್ಮಿತು, ನಿಂತಿತು. ಇನ್ನೊಂದು ಸಲ. ಕೆಮ್ಮಿತು, ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಪುಣೆಯವನು ಲಾರಿಯಿಂದ ಇಳಿದ.

ಮೂರನೆಯ ಸಲ ಹತ್ತಿಕೊಂಡಿತು.

ಆರು ಸಿಲಿಂಡರೂ ಒಟ್ಟಿಗೆ ದನಿ ತೆಗೆದವು. ಅಂಗಳದ ತುಂಬ ಹೊಗೆ. ಹೆಂಗಸರು ಸೆರಗು ಮೂಗಿಗೆ ಹಿಡಿದರು. ಕಿಟಕಿ ಗಾಜು ಗದಗುಟ್ಟಿತು. ರುದ್ರಮುನಿ ಹೋಗಿ ಗೇಟು ತೆಗೆದ. ಎರಡೂ ಕದ.

ಎಲ್ಲರೂ ನೋಡುತ್ತಿದ್ದರು. ಕಾರು ನಿಂತಲ್ಲೇ ಗುಡುಗುತ್ತಿತ್ತು.

ಡ್ರೈವರುಗಳಿಗೆ ಒಂದು ಅಭ್ಯಾಸ. ಗೇರು ಹಾಕುವ ಮೊದಲು ಕನ್ನಡಿ ನೋಡುವುದು. ಹಿಂದಿನವರು ಸರಿಯಾಗಿ ಕೂತರೋ ಇಲ್ಲವೋ ಅಂತ. ಮೂವತ್ತು ವರ್ಷದ ಅಭ್ಯಾಸ. ಕೊಟ್ರಪ್ಪನ ಕಣ್ಣು ತಾನಾಗಿ ಕನ್ನಡಿಗೆ ಹೋಯಿತು.

ಹರಿದ ಸೀಟು. ಅದರ ಮೇಲೆ ಬಿಸಿಲು.

ಗೇರಿನ ಮೇಲಿದ್ದ ಕೈ ಜಾರಿ ತೊಡೆಗೆ ಬಿತ್ತು.

ಉಸ್ತಾದರು ಕಿಟಕಿಯ ಹತ್ತಿರ ಬಂದು ಬಗ್ಗಿದರು.

"ಉಸ್ತಾದ್," ಅಂದ ಕೊಟ್ರಪ್ಪ, "ಹಿಂದೆ ಯಾರೂ ಕೂತಿಲ್ಲ."

ಮುದುಕರ ನಡುಗುವ ಕೈ ಒಳಗೆ ಬಂತು. ಅವನ ಕೈಯನ್ನು ಎತ್ತಿ ಗೇರಿನ ಮೇಲಿಟ್ಟಿತು.

"ಖಾಲಿ ಗಾಡಿನೂ ಊರು ಮುಟ್ಟಬೇಕಲ್ಲಪ್ಪ. ಗೇರು ಹಾಕು."