ಅಂಗೈಯ ತೀರ್ಥ

“ಬುದ್ಧಿ, ಕೊಟ್ಟವರು ಯಾರೋ, ಕುಡಿದವಳು ಯಾರೋ. ತಪ್ಪು ಯಾರದು?” ಎಂದು ಗುರುಪಾದ ಕೇಳಿದ.

ಅವನು ಹನ್ನೊಂದು ವರ್ಷಗಳಿಂದ ಮಠದಲ್ಲಿದ್ದ ಶಿಷ್ಯ. ಸ್ವಾಮಿಗಳ ಕಣ್ಣು ಮಂಜಾದ ಮೇಲೆ ಬೆಳಗಿನ ಪತ್ರಿಕೆಯನ್ನು ಅವನೇ ಓದಿ ಹೇಳುತ್ತಿದ್ದ. ಆ ದಿನ ಓದಿದ್ದು ದೂರದೇಶದ ಸುದ್ದಿ. ಅಲ್ಲಿ ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ದೊಡ್ಡ ಸ್ಪರ್ಧೆ ನಡೆದಿತ್ತು. ಎಲ್ಲರಿಗಿಂತ ಮುಂದಿದ್ದವಳು ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಹುಡುಗಿ. ಸ್ಪರ್ಧೆ ಅರ್ಧ ಆದಾಗ, ಅವಳ ಮೈಯಲ್ಲಿ ನಿಷೇಧಿಸಿದ ಮದ್ದು ಸಿಕ್ಕಿದೆ ಎಂಬ ಆರೋಪ ಬಂದಿತ್ತು. ಮದ್ದು ಹೇಗೆ ಬಂತೆಂದು ನನಗೆ ಗೊತ್ತಿಲ್ಲ ಎಂದು ಅವಳು ಅತ್ತಿದ್ದಳು.

ಸ್ವಾಮಿಗಳು ದಿನವೂ ತಾವೇ ಕಾಸುತ್ತಿದ್ದ ಕಷಾಯವನ್ನು ಬಟ್ಟಲಿಗೆ ಬಗ್ಗಿಸಿ ಶಿಷ್ಯನ ಕಡೆಗೆ ಚಾಚಿದರು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡು ಒಂದೇ ಗುಟುಕಿಗೆ ಕುಡಿದ. ಅದು ಎಂದಿನಂತಿರಲಿಲ್ಲ, ತುಂಬ ಕಹಿಯಾಗಿತ್ತು. ಅವನು ಮುಖ ಕಿವುಚಿ, ಬಾಯಿ ಒರೆಸಿಕೊಂಡು, ಬಟ್ಟಲನ್ನು ಪಕ್ಕಕ್ಕಿಟ್ಟ.

“ನಿನಗೆ ತೀರ್ಪು ಬೇಕು. ತೀರ್ಪು ಹೇಳುವವರು ಊರ ತುಂಬ ಇದ್ದಾರೆ. ನನ್ನ ಹತ್ತಿರ ಇರುವುದು ಒಂದು ಕತೆ” ಎಂದು ಹೇಳಿ ಸ್ವಾಮಿಗಳು ಶುರುಮಾಡಿದರು.

ಒಂದು ರಾಜ್ಯದಲ್ಲಿ ಹಗ್ಗದ ಮೇಲೆ ನಡೆಯುವ ಆಟವನ್ನು ಕಲಿಸುವ ಒಬ್ಬನಿದ್ದ. ಜನ ಅವನನ್ನೂ ಗುರು ಎಂದೇ ಕರೆಯುತ್ತಿದ್ದರು. ಆ ಹೆಸರಿಗೆ ಕಾವಲಿಲ್ಲ ನೋಡು, ಯಾರು ಬೇಕಾದರೂ ಹೊದ್ದುಕೊಂಡು ಓಡಾಡಬಹುದು. ಅವನು ಹೆಣ್ಣುಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದ. ಆರು ವರ್ಷಕ್ಕೆ ಸೇರಿಸಿಕೊಂಡು, ಹದಿನಾರು ತುಂಬಿದ ಕೂಡಲೇ ಮನೆಗೆ ಕಳಿಸುತ್ತಿದ್ದ. ಅಷ್ಟು ದೊಡ್ಡವಳಾದರೆ ಹಗ್ಗಕ್ಕೆ ಭಾರ ಎಂದು ಹೇಳುತ್ತಿದ್ದ. ಹಾಗೆ ಹೋದವರ ಹೆಸರು ಅವನ ನೆನಪಿನಲ್ಲಿ ಇರುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಗ್ಗ ಹತ್ತುವ ಮೊದಲು ಮಕ್ಕಳು ಸಾಲಾಗಿ ಕುಳಿತು ಬಲಗೈ ಚಾಚಬೇಕು. ಗುರು ತಾಮ್ರದ ಬಿಂದಿಗೆಯಿಂದ ಒಂದೊಂದು ಉದ್ಧರಣೆ ತೀರ್ಥವನ್ನು ಅಂಗೈಗೆ ಹಾಕುತ್ತಾನೆ. ಕುಡಿದು, ಕೈಯಲ್ಲಿ ಉಳಿದ ಪಸೆಯನ್ನು ತಲೆಗೆ ಸವರಿಕೊಳ್ಳಬೇಕು. ತೀರ್ಥದಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ? ನೀನು ಕೇಳಿದ್ದೀಯಾ? ನಾನೂ ಕೇಳಿಲ್ಲ. ಆ ಮಕ್ಕಳ ತಾಯಂದಿರು ಬಂದಾಗ ಅವರೂ ಸಾಲಿನ ಕೊನೆಯಲ್ಲಿ ನಿಂತು ಕೈಮುಗಿಯುತ್ತಿದ್ದರು.

ಅಲ್ಲಿಗೆ ಬುಟ್ಟಿ ಹೆಣೆಯುವ ಒಬ್ಬಳು ತನ್ನ ಮಗಳನ್ನು ತಂದು ಬಿಟ್ಟಳು. ಮಗು ಕುಳ್ಳಗೆ, ಕಡ್ಡಿಯಂತಿತ್ತು. ವರ್ಷ ತುಂಬುವ ಮೊದಲೇ ಹಗ್ಗದ ಮೇಲೆ ಓಡಿತು. ಎಲ್ಲರೂ ಬೆರಗಾದರು. ಹುಡುಗಿಗೆ ಹೆದರಿಕೆ ಎಂಬುದೇ ಇಲ್ಲ ಎಂದು ಊರೆಲ್ಲ ಹೇಳಿತು. ತಾಯಿ ಅದನ್ನು ಕೇಳಿ ಹಿಗ್ಗಿದಳು. ಹೆದರಿಕೆ ಇಲ್ಲದ ಮಗುವನ್ನು ಕಂಡು ಹಿಗ್ಗಬಾರದು, ಹೆದರಬೇಕು. ಆದರೆ ಅದನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ಹುಡುಗಿಗೆ ಹದಿನೈದು ನಡೆಯುವಾಗ ಏಳು ರಾಜ್ಯಗಳ ಪಂದ್ಯ ಬಂತು. ಗುರು ನೋಡುವುದಕ್ಕೆಂದು ಮಕ್ಕಳನ್ನೆಲ್ಲ ಕರೆದುಕೊಂಡು ಹೋದ, ಆಡುವುದಕ್ಕೆ ನಿಲ್ಲಿಸಿದ್ದು ಅವಳೊಬ್ಬಳನ್ನೇ. ಅದು ಹನ್ನೆರಡು ವರ್ಷಕ್ಕೊಮ್ಮೆ ಬರುವ ಪಂದ್ಯ. ಮೂರು ದಿನ ನಡೆಯುತ್ತದೆ. ಮೊದಲ ದಿನ ಒಮ್ಮೆ, ಕೊನೆಯ ದಿನ ಒಮ್ಮೆ, ಹೀಗೆ ಎರಡು ಸಲ ಹಗ್ಗ ಹತ್ತಬೇಕು. ಎರಡನ್ನೂ ಸೇರಿಸಿ ನೋಡಿ, ಗೆದ್ದವಳಿಗೆ ಮಾಲೆ ಹಾಕುತ್ತಾರೆ. ಈ ಸಲ ತಪ್ಪಿದರೆ ಹುಡುಗಿಗೆ ಮತ್ತೊಂದು ಪಂದ್ಯವಿಲ್ಲ. ಅವಳಿಗೂ ಅದು ಗೊತ್ತಿತ್ತು.

ಪಂದ್ಯಕ್ಕೆ ಒಂದು ಕಟ್ಟಳೆ ಇತ್ತು. ದಂಡಿನ ಕುದುರೆಗಳಿಗೆ ಅರೆದು ತಿನ್ನಿಸುವ ಒಂದು ಬೇರನ್ನು ಆಟದವರು ಮುಟ್ಟಬಾರದು. ಆ ಬೇರು ಹೊಟ್ಟೆಗೆ ಹೋದರೆ ಎದೆ ಅಳುಕುವುದಿಲ್ಲ, ಕಾಲು ನಡುಗುವುದಿಲ್ಲ, ದಣಿವು ತಿಳಿಯುವುದಿಲ್ಲ. ಹಿಂದೊಮ್ಮೆ ಅದನ್ನು ತಿಂದು ಆಡಿದವನೊಬ್ಬ ಹಗ್ಗದ ಮೇಲೆಯೇ ಎದೆಯೊಡೆದು ಸತ್ತಿದ್ದ. ಅಂದಿನಿಂದ ಪಂದ್ಯದ ಮುನ್ನಾದಿನ ಪ್ರತಿಯೊಬ್ಬರ ಬಾಯಿಗೂ ಅರಿಸಿನದಲ್ಲಿ ಅದ್ದಿದ ಬಟ್ಟೆಯ ತುಂಡೊಂದನ್ನು ಇಟ್ಟು ತೆಗೆಯುತ್ತಿದ್ದರು. ಬೇರು ತಿಂದವರ ಎಂಜಲು ತಾಗಿದ ಬಟ್ಟೆ ಕೆಂಪಾಗುತ್ತದೆ, ಸುಣ್ಣ ತಾಗಿದ ಹಾಗೆ. ಆದರೆ ಕೂಡಲೇ ಆಗುವುದಿಲ್ಲ. ಎರಡು ದಿನ ನೆರಳಿನಲ್ಲಿ ಒಣಗಿದ ಮೇಲೆಯೇ ಬಣ್ಣ ಕಾಣುತ್ತದೆ.

ಹುಡುಗಿ ನಗುತ್ತ ಬಾಯಿ ತೆರೆದಳು. ಬಟ್ಟೆಗೆ ಅವಳ ಹೆಸರಿನ ಓಲೆ ಕಟ್ಟಿ, ಕೋಣೆಯಲ್ಲಿ ಹಾಕಿ ಬೀಗ ಜಡಿದರು.

ಮೊದಲ ದಿನ ಅವಳು ಹಗ್ಗದ ಮೇಲೆ ಕೋಲು ಹಿಡಿದು ಓಡಿದಳು. ನಡುವೆ ಬಂದಾಗ ಕೋಲನ್ನು ಮೇಲಕ್ಕೆಸೆದು, ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಮತ್ತೆ ಹಗ್ಗದ ಮೇಲೆ ನಿಂತು ಕೋಲನ್ನು ಹಿಡಿದಳು. ಒಂದು ಸುತ್ತನ್ನೂ ಯಾವ ಹೆಂಗಸೂ ಅದುವರೆಗೆ ತಿರುಗಿರಲಿಲ್ಲ. ಏಳು ರಾಜ್ಯಗಳ ಜನ ಎದ್ದು ನಿಂತರು. ಅವಳ ಊರಿನವರು ಬುಟ್ಟಿ ಹೆಣೆಯುವ ತಾಯಿಯನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಎರಡನೆಯ ದಿನ ಕೋಣೆಯ ಬೀಗ ತೆಗೆದರು. ಸಾಲಿನಲ್ಲಿ ನೇತಾಡುತ್ತಿದ್ದ ಹಳದಿ ಬಟ್ಟೆಗಳ ನಡುವೆ ಒಂದು ಕೆಂಪಾಗಿತ್ತು.

ಸುದ್ದಿ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು? ಬೆಳಿಗ್ಗೆ ಮುತ್ತು ಎಂದವರೇ ಮಧ್ಯಾಹ್ನ ಕಳ್ಳಿ ಎಂದರು. ತಾಯಿಯನ್ನು ಹೊತ್ತು ಕುಣಿದವರು ಅವಳ ಬಿಡಾರದ ಕಡೆ ಸುಳಿಯಲಿಲ್ಲ. ಬೇರೆ ರಾಜ್ಯದವರು ಅವಳನ್ನು ಹೊರಗೆ ಹಾಕಿ ಎಂದು ಕೂಗಿದರು. ಅವಳ ರಾಜನಿಗೆ ಮಾಲೆ ಬೇಕಾಗಿತ್ತು. ಅವನ ಮಂತ್ರಿ ಪಂಚರ ಮುಂದೆ ನಿಂತು, ಹುಡುಗಿ ಇನ್ನೂ ಚಿಕ್ಕವಳು, ವಿಚಾರಣೆ ಆಗುವ ತನಕ ತಪ್ಪಿತಸ್ಥಳಲ್ಲ, ಆದ್ದರಿಂದ ಆಡಲಿ ಎಂದು ವಾದಿಸಿದ. ಪಂಚರು ಐವರು. ಅವರು ದಿನವೆಲ್ಲ ಗುಸುಗುಸು ಮಾತಾಡಿ ಕೊನೆಗೆ ಒಂದು ದಾರಿ ಹುಡುಕಿದರು. ಹುಡುಗಿ ನಾಳೆ ಹಗ್ಗ ಹತ್ತಲಿ. ಆದರೆ ವಿಚಾರಣೆ ಮುಗಿಯುವವರೆಗೆ ಮಾಲೆಯನ್ನು ಯಾರಿಗೂ ಹಾಕುವುದು ಬೇಡ. ಎರಡನೆಯ ಸ್ಥಾನದಲ್ಲಿದ್ದ ಪಕ್ಕದ ರಾಜ್ಯದ ಹುಡುಗಿ ಇದನ್ನು ಕೇಳಿ ಒಂದು ಮೂಲೆಯಲ್ಲಿ ಕುಳಿತು ಅತ್ತಳು. ಅವಳು ಮಾಡಿದ ತಪ್ಪಾದರೂ ಏನು? ದೊಡ್ಡವರು ಹುಡುಕಿಕೊಳ್ಳುವ ದಾರಿಗಳು ಹೀಗೆಯೇ ಇರುತ್ತವೆ. ಅವು ಮಕ್ಕಳ ಮೇಲೆಯೇ ಹಾದು ಹೋಗುತ್ತವೆ.

ಮೂರನೆಯ ದಿನ ಎಲ್ಲರ ಕಣ್ಣೂ ಗುರುವಿನ ಮೇಲಿತ್ತು. ಅವನು ಜಾಣ. ಆ ದಿನ ಬಿಂದಿಗೆಯನ್ನು ಹೊರಗೆ ತರಲೇ ಇಲ್ಲ. ಹುಡುಗಿ ರೂಢಿಯಂತೆ ಬಲಗೈ ಚಾಚಿದಳು. ಅವನು ನೋಡದವನಂತೆ ಮುಖ ತಿರುಗಿಸಿದ. ಅವಳು ಒಣಗಿದ ಅಂಗೈಯನ್ನೇ ತಲೆಗೆ ಸವರಿಕೊಂಡು ಮೇಲೆ ಹತ್ತಿದಳು.

ಕೆಳಗಿನಿಂದ ಜನ ಕೇಕೆ ಹಾಕಿದರು. ಅವಳು ಮೂರು ಹೆಜ್ಜೆ ಇಟ್ಟಳು. ನಾಲ್ಕನೆಯದಕ್ಕೆ ಕಾಲು ನಡುಗಿತು. ಹಾಗೆಂದರೆ ಏನೆಂದು ಅವಳಿಗೆ ತಿಳಿಯಲಿಲ್ಲ. ಎದೆ ಹೊಡೆದುಕೊಂಡಿತು. ತನಗೆ ಏನೋ ರೋಗ ಬಂತು ಎಂದುಕೊಂಡಳು. ಒಂಬತ್ತು ವರ್ಷ ಹಗ್ಗದ ಮೇಲೆ ಓಡಿದವಳು ಅಂದು ಮೊದಲ ಸಲ ಕೆಳಗೆ ನೋಡಿದಳು. ಹಗ್ಗ ಎಷ್ಟು ಎತ್ತರದಲ್ಲಿದೆ ಎಂಬುದು ಅವಳಿಗೆ ಆಗ ಗೊತ್ತಾಯಿತು.

“ಅವ್ವಾ, ಇಳಿಸ್ಕೊಳ್ಳೇ” ಎಂದು ಕೂಗಿದಳು.

ಇಳಿಸಿಕೊಳ್ಳುವುದಕ್ಕೆ ಯಾರಿಂದ ಆಗುತ್ತದೆ? ಅವಳು ಬಿದ್ದಳು. ಸೊಂಟದ ಕೆಳಗೆ ಮೂಳೆ ಮುರಿಯಿತು. ಗುರು ಓಡಿ ಬಂದ. ಬಂದವನು ಮೊದಲು ಕೋಲನ್ನು ಎತ್ತಿಕೊಂಡು, ಬಿರುಕು ಬಿಟ್ಟಿದೆಯೇ ಎಂದು ತಿರುಗಿಸಿ ನೋಡಿದ.

ಮಾರನೆಯ ದಿನ ಹುಡುಗಿಯನ್ನು ಮಂಚದ ಸಮೇತ ಪಂಚರ ಮುಂದೆ ಇಳಿಸಿದರು. ಗುರುವನ್ನು ಕರೆದು ಕೇಳಿದಾಗ, “ನಾನು ಕೊಟ್ಟದ್ದು ತೀರ್ಥ. ನನ್ನ ಸಾಲಿನ ನಲವತ್ತು ಮಕ್ಕಳೂ ಅದನ್ನೇ ಕುಡಿಯುತ್ತಾರೆ. ಇವಳು ಮನೆಯಲ್ಲಿ ಏನು ತಿಂದಳೋ, ಯಾರ ಕೈಯಿಂದ ತಿಂದಳೋ ನಾನೇನು ಬಲ್ಲೆ?” ಎಂದ. ಬಿಂದಿಗೆ ತರಿಸಿ ನೋಡಿದರು. ಅದನ್ನು ಹುಣಿಸೆಹಣ್ಣು ಹಾಕಿ ಥಳಥಳ ತಿಕ್ಕಿ ತೊಳೆದಿದ್ದರು.

ತಾಯಿ ನೆಲಕ್ಕೆ ತಲೆ ಮುಟ್ಟಿಸಿದಳು. “ಆರು ವರ್ಸದ ಮಗೀನ ಅವರ ಕೈಗೆ ಒಪ್ಸಿದ್ದೆ ಸ್ವಾಮಿ. ಒಪ್ಸಿದ ಮ್ಯಾಲೆ ಏನ್ ಕುಡಿಸ್ತೀರಿ ಅಂತ ಕೇಳೋಕಾಯ್ತದಾ?” ಎಂದಳು.

ಪಂಚರಲ್ಲಿ ಹಿರಿಯನು ಹುಡುಗಿಯ ಕಡೆ ತಿರುಗಿದ. ಅವನು ಕೆಟ್ಟವನಲ್ಲ. ಮೆತ್ತಗೆ ಕೇಳಿದ: “ಮಗೂ, ಒಂಬತ್ತು ವರ್ಷ ಕುಡಿದೆಯಲ್ಲ. ಇದು ಏನು ಎಂದು ಒಂದು ಸಲವಾದರೂ ಕೇಳಬೇಕೆಂದು ನಿನಗೆ ತೋಚಲಿಲ್ಲವೇ?”

“ಕೇಳಿದ್ದೆ ಸ್ವಾಮಿ, ಒಂದ್ಸಲ” ಎಂದಳು ಹುಡುಗಿ. “ಆಗ ನಂಗೆ ಏಳು ವರ್ಸ. ಕೈಯಾಗೆ ಹಾಕಿದ್ರು. ಕಹಿಯಾಗಿತ್ತು. ಇದು ಏನು ಗುರುಗಳೇ ಅಂದೆ. ಅವರು ಬೈಯಲಿಲ್ಲ, ಹೊಡೀಲಿಲ್ಲ. ಮಾರನೇ ದಿನ ನನ್ನ ಬಿಟ್ಟು ಮುಂದಿನವಳ ಕೈಗೆ ಹಾಕಿದ್ರು. ಹಗ್ಗ ಹತ್ತಕ್ಕೆ ಬಿಡಲಿಲ್ಲ. ಐದು ದಿನ ಹಂಗೇ ಕೈ ಚಾಚ್ಕೊಂಡು ಕೂತಿದ್ದೆ. ಆರನೇ ದಿನ ಅವ್ವ ಬಂದು ನನ್ನ ಅವರ ಕಾಲಿಗೆ ಬೀಳಿಸಿ, ಇನ್ಮ್ಯಾಲೆ ಕೇಳಾಕಿಲ್ಲ ಅಂತ ಆಣೆ ಹಾಕಿಸಿದ್ಲು. ಆಮ್ಯಾಲೆ ಕೇಳಲಿಲ್ಲ.”

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಂಚರಲ್ಲಿ ಒಬ್ಬ ಕಣ್ಣು ಒರೆಸಿಕೊಂಡ. ಆದರೆ ಕಣ್ಣೀರು ಬೇರೆ, ಕಟ್ಟಳೆ ಬೇರೆ. ಕಟ್ಟಳೆಯಲ್ಲಿ ಇದ್ದುದು ಬಟ್ಟೆಯ ಮಾತು ಮಾತ್ರ. ಕೆಂಪಾದ ಬಟ್ಟೆ ಬಂದಿದ್ದು ಹುಡುಗಿಯ ಬಾಯಿಂದ. ಗುರುವಿನ ಬಾಯಿಗೆ ಯಾರೂ ಬಟ್ಟೆ ಇಟ್ಟಿರಲಿಲ್ಲ, ರಾಜನ ಬಾಯಿಗಂತೂ ಇಡುವ ಹಾಗೇ ಇಲ್ಲ. ಬಟ್ಟೆ ಸುಳ್ಳು ಹೇಳುವುದಿಲ್ಲ ಎಂದು ಪಂಚರು ತೀರ್ಮಾನಿಸಿದರು. ಎರಡು ಸುತ್ತು ತಿರುಗಿದವಳ ಹೆಸರನ್ನು ಪಂದ್ಯದ ಓಲೆಯಿಂದ ಕೆರೆದು ಹಾಕಿದರು. ಮಾಲೆಯನ್ನು ಪಕ್ಕದ ರಾಜ್ಯದ ಹುಡುಗಿಗೆ ಕಳಿಸಿದರು. ಅದು ಹೋಗಿ ಮುಟ್ಟುವಾಗ ಹೂ ಬಾಡಿತ್ತು. ಅವಳು ಅದನ್ನು ಹಾಕಿಕೊಳ್ಳಲಿಲ್ಲ.

ಬುಟ್ಟಿ ಹೆಣೆಯುವವಳು ಮಗಳನ್ನು ಮನೆಗೆ ಕರೆದುಕೊಂಡು ಹೋದಳು. ಹುಡುಗಿ ಮತ್ತೆ ನೆಟ್ಟಗೆ ನಡೆಯಲಿಲ್ಲ. ಹೊಸ್ತಿಲು ದಾಟುವಾಗಲೂ ಗೋಡೆ ಹಿಡಿದುಕೊಳ್ಳುತ್ತಿದ್ದಳು. ತಾಯಿ ನೀರು ತಂದು ಕೊಟ್ಟರೆ, ಲೋಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದಳಂತೆ. ನೋಡಿ ಕೆಳಗಿಡುತ್ತಿದ್ದಳಂತೆ. ತಾಯಿ ಆ ಲೋಟದಿಂದ ಮೊದಲು ತಾನೊಂದು ಗುಟುಕು ಕುಡಿದು ತೋರಿಸಬೇಕಾಗಿತ್ತು. ಬದುಕಿರುವ ತನಕ ದಿನವೂ ಕುಡಿದು ತೋರಿಸಿದಳು.

ಗುರು ತನ್ನ ಮನೆಗೆ ಹಿಂತಿರುಗಿದ. ಮರುದಿನ ಬೆಳಿಗ್ಗೆ ಮಕ್ಕಳು ಸಾಲಾಗಿ ಕುಳಿತರು. ಸಾಲಿನ ನಡುವೆ ಒಂದು ಜಾಗ ಖಾಲಿ ಇತ್ತು. ಪಕ್ಕದವರು ಸ್ವಲ್ಪ ಸರಿದು ಕುಳಿತರು. ಬಿಂದಿಗೆ ಬಂತು. ಎಲ್ಲರೂ ಬಲಗೈ ಚಾಚಿದರು.

ಸ್ವಾಮಿಗಳು ಇಷ್ಟು ಹೇಳಿ ಕತೆ ನಿಲ್ಲಿಸಿದರು.

ಗುರುಪಾದನಿಗೆ ಸಿಟ್ಟು ಬಂದಿತ್ತು. ಅವನ ಕೈಯಲ್ಲಿದ್ದ ಪತ್ರಿಕೆ ಮುದುಡಿ ಹೋಗಿತ್ತು. “ಇದೇನು ಬುದ್ಧಿ! ಅವಳು ಬಿದ್ದದ್ದನ್ನು ಆ ಮಕ್ಕಳು ಕಣ್ಣಾರೆ ಕಂಡಿದ್ದರು. ಬಟ್ಟೆ ಕೆಂಪಾದದ್ದು ಗೊತ್ತಿತ್ತು. ಅಷ್ಟೆಲ್ಲ ತಿಳಿದ ಮೇಲೂ, ಇದರಲ್ಲಿ ಏನಿದೆ ಎಂದು ಅವರಲ್ಲಿ ಒಬ್ಬಳಾದರೂ ಕೇಳಬಾರದಿತ್ತೇ?” ಎಂದ.

ಸ್ವಾಮಿಗಳು ಕೈ ಚಾಚಿ, ನೆಲ ತಡವಿ, ಅವನ ಪಕ್ಕದಲ್ಲಿದ್ದ ಖಾಲಿ ಬಟ್ಟಲನ್ನು ಎತ್ತಿಕೊಂಡರು.

“ಇವತ್ತು ಇದು ಕಹಿಯಾಗಿತ್ತಲ್ಲ ಗುರುಪಾದ, ನೀನು ಕೇಳಿದೆಯಾ?”