ಕರೆಯಲು ಕಲಿಯದ ಕಾಗೆಮರಿ

ಬನ್ನಿ, ಆ ಜಗಳ ಆಮೇಲೆ ಆಡುವಿರಂತೆ, ಚಾಪೆ ಮೇಲೆ ಕೂತು ಹೂಂಗುಟ್ಟುತ್ತಾ ಕೇಳಿ. ಒಬ್ಬ ಕಾಗಕ್ಕನಿಗೆ ಇಬ್ಬರು ಮಕ್ಕಳು. ಮಗಳು ಚೆಲುವಿ, ಮಗ ದೊರೆ. ಅಗುಳು ಕಂಡರೆ ಬಳಗವನ್ನು ಕರೆದು ತಿನ್ನುವುದು ಕಾಗೆ ಕುಲದ ಪದ್ಧತಿ ತಾನೆ? ಅದನ್ನು ಕಾಗಕ್ಕ ಚೆಲುವಿಗೆ ಕೊಕ್ಕಿನಿಂದ ತಿವಿದು ತಿವಿದು ಕಲಿಸಿದಳು.

"ಎಲ್ಲರನ್ನೂ ಕರಿ. ಎಲ್ಲರದ್ದೂ ಆದ ಮೇಲೆ ನೀನು ತಿನ್ನು. ನಾಳೆ ಇನ್ನೊಂದು ಗೂಡಿಗೆ ಹೋಗುವವಳು."

"ದೊರೆ ಯಾರನ್ನೂ ಕರೆಯುವುದಿಲ್ಲವಲ್ಲ, ಅವ್ವಾ?"

"ಅವನು ಗಂಡು, ಹಸಿವು ತಡೆಯಲಾರ. ತಿನ್ನಲಿ ಬಿಡೆ."

ಒಂದು ಮಧ್ಯಾಹ್ನ ದೊರೆ ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆ ಕಂಡ. ಯಾರನ್ನೂ ಕರೆಯದೆ, ಮೇಲೆ ಹೊದಿಸಿದ್ದ ಬಲೆಯೊಳಗೆ ನುಗ್ಗಿದ. ಕಾಲು ಸಿಕ್ಕಿಕೊಂಡಿತು. ಎಳೆದಷ್ಟೂ ದಾರ ಬಿಗಿಯಿತು. ಮೆಟ್ಟಿಲು ಹತ್ತಿ ಬೆಕ್ಕು ಬರುತ್ತಿತ್ತು. ದೊರೆ ಗಂಟಲು ಹರಿಯುವಂತೆ ಕೂಗಿದ.

ಹುಣಸೆಮರದ ಮುದಿಕಾಗೆ ಕಿವಿಗೊಟ್ಟು, "ಯಾರ ದನಿಯೋ. ನಮ್ಮನ್ನು ಯಾವತ್ತೂ ಊಟಕ್ಕೆ ಕರೆದ ದನಿಯಲ್ಲ," ಎಂದು ಕಣ್ಣು ಮುಚ್ಚಿತು. ಒಂದು ಕಾಗೆಯೂ ಕದಲಲಿಲ್ಲ.

ಆಗ ಚೆಲುವಿ ಕೂಗಿದಳು. ಅವಳ ದನಿಗೆ ಬಳಗವೆಲ್ಲ ಎದ್ದು ಬಂತು. ಬೆಕ್ಕನ್ನು ಕುಕ್ಕಿ ಓಡಿಸಿ, ಬಲೆಯ ದಾರ ಹರಿದು ದೊರೆಯನ್ನು ಬಿಡಿಸಿತು.

"ತಪ್ಪು ನನ್ನದು ಮಗನೇ," ಎಂದಳು ಕಾಗಕ್ಕ. "ನಿನಗೆ ಕರೆಯುವುದನ್ನೇ ಕಲಿಸಲಿಲ್ಲ."

ಬೆಕ್ಕು ಬೇರೆ ಮಾಳಿಗೆ ಹಿಡಿಯಿತು. ದೊರೆಯ ಒಂದು ಕಾಲು ಕುಂಟಾಯಿತು. ಈಗ ಅಗುಳು ಕಂಡರೆ ಕರೆಯುತ್ತಾನೆ, ಒಂದೆರಡು ಕಾಗೆ ಬರುತ್ತವೆ. ಕಾಗಕ್ಕ ಮುದುಕಿಯಾದಳು. ದಿನವೂ, "ಮೊದಲು ನೀನು ತಿನ್ನು ಚೆಲುವಿ," ಅನ್ನುತ್ತಾಳೆ. ಚೆಲುವಿ ಹೂಂ ಅನ್ನುತ್ತಾಳೆ, ಎಲ್ಲರದ್ದೂ ಆಗುವವರೆಗೆ ಕೊಂಬೆಯ ಮೇಲೆ ಕಾಯುತ್ತಾ ಕೂರುತ್ತಾಳೆ.